ಕತ್ತಿಯ ಅಲಗಿನ ಮೇಲಿನ ಕೆಂಪು: ಕಾಲೇಜು ಅರ್ಜಿಯ ಪ್ರಬಂಧ ಕುರಿತು ಓದುಗರ ಪ್ರಶ್ನೆಗಳು

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ವಿದೇಶದ ವಿಶ್ವವಿದ್ಯಾಲಯಗಳ ಪದವಿ ತರಗತಿಗಳಿಗೆ ಅರ್ಜಿ ಹಾಕುವಾಗ ಬರೆಯಬೇಕಾದ ವೈಯಕ್ತಿಕ ಪ್ರಬಂಧವನ್ನು ಕುರಿತೇ ಇದ್ದವು. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಈ ಅಂಕಣವನ್ನು ಪೂರ್ತಿಯಾಗಿ ಅದೊಂದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಡಲಾಗಿದೆ.

ಪ್ರಶ್ನೆ: ಮೇಡಂ, ನಾನು ಶಿರಸಿ ಸಮೀಪದ ಹಳ್ಳಿಯವಳು, ದ್ವಿತೀಯ ಪಿಯುಸಿ ವಿಜ್ಞಾನ ಓದುತ್ತಿದ್ದೇನೆ. ಅಮೆರಿಕದಲ್ಲಿ ರಸಾಯನಶಾಸ್ತ್ರ ಓದಬೇಕೆಂಬ ಆಸೆಯಿಂದ ಅರ್ಜಿ ಹಾಕುತ್ತಿದ್ದೇನೆ. ಅಲ್ಲಿನ ಕಾಲೇಜುಗಳ ಕಾಮನ್ ಆ್ಯಪ್ ಎಂಬ ಅರ್ಜಿಯಲ್ಲಿ 650 ಪದಗಳ ಪ್ರಬಂಧ ಬರೆಯಬೇಕಂತೆ. ಇಂಟರ್‌ನೆಟ್‌ನಲ್ಲಿ ಸಿಕ್ಕ ಮಾದರಿಗಳಲ್ಲಿ ಒಬ್ಬರು ಹಿಮಾಲಯ ಹತ್ತಿದ್ದಾರೆ, ಇನ್ನೊಬ್ಬರು ಸೇವಾಸಂಸ್ಥೆ ಕಟ್ಟಿದ್ದಾರೆ. ನನ್ನ ಜೀವನದಲ್ಲಿ ಏನೂ ನಡೆದಿಲ್ಲ. ಕಾಲೇಜು, ಮನೆ, ಅಡಿಕೆ ತೋಟ. ಮಳೆ ಹಿಡಿಯುವ ಮುನ್ನ ಅಪ್ಪ ಬೋರ್ಡೋ ಮದ್ದು ಕಲಸುವಾಗ ಕತ್ತಿ ಅದ್ದಿ ನೋಡುವುದು ನನ್ನ ಕೆಲಸ, ಅಷ್ಟೇ. ನನ್ನ ಮೊದಲ ಕರಡನ್ನು ಇದರೊಂದಿಗೆ ಇಟ್ಟಿದ್ದೇನೆ. ದಯವಿಟ್ಟು ತಿದ್ದಿಕೊಡಿ.

ಉತ್ತರ: ನಿಮ್ಮ ಕರಡನ್ನು ಎರಡು ಬಾರಿ ಓದಿದೆ. ‘ಶಿಕ್ಷಣವು ಮಾನವನ ಬಾಳಿನ ಬೆಳಕು’ ಎಂದು ಆರಂಭವಾಗುವ ಆ ಬರಹದಲ್ಲಿ ವ್ಯಾಕರಣದ ತಪ್ಪು ಹುಡುಕಿದರೂ ಸಿಗುವುದಿಲ್ಲ. ಆದರೆ ಅದನ್ನು ರಾಜ್ಯದ ಯಾವ ಪಿಯು ಕಾಲೇಜಿನ ಯಾವ ವಿದ್ಯಾರ್ಥಿ ಬೇಕಾದರೂ ಬರೆಯಬಹುದಿತ್ತು. ನೀವೇ ಬರೆದಿರಿ ಎಂಬುದಕ್ಕೆ ಅದರಲ್ಲಿ ಯಾವ ಗುರುತೂ ಇಲ್ಲ. ಇದರಲ್ಲಿ ನಿಮ್ಮ ದೋಷ ಕಡಿಮೆ. ಪ್ರೌಢಶಾಲೆಯಿಂದಲೂ ನಮಗೆ ಕಲಿಸುವ ಪ್ರಬಂಧಕ್ಕೆ ಪೀಠಿಕೆ, ವಿಷಯ ವಿವರಣೆ, ಉಪಸಂಹಾರ ಎಂಬ ಮೂರು ಅಂಗಗಳಿರುತ್ತವೆ, ವಿಷಯ ಗ್ರಂಥಾಲಯದ ಮಹತ್ವವೋ ಪರಿಸರ ಮಾಲಿನ್ಯವೋ ಆಗಿರುತ್ತದೆ, ಮತ್ತು ಅದರೊಳಗೆ ‘ನಾನು’ ಎಂಬ ಪದ ಕಾಲಿಟ್ಟರೆ ಅಂಕ ಹೋಗುತ್ತದೆ. ಅದಾದ ಮೇಲೆ ಕೆಸಿಇಟಿ ಬರೆದು ರ್‍ಯಾಂಕಿನ ಮೇಲೆ ಸೀಟು ಪಡೆಯುವ ನಮ್ಮ ಮಕ್ಕಳನ್ನು ‘ನೀವು ಎಂಥವರು’ ಎಂದು ಯಾವ ಅರ್ಜಿಯೂ ಕೇಳುವುದಿಲ್ಲ. ಹದಿನೇಳು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ಒಮ್ಮೆಲೇ ಕೇಳಿದಾಗ ಕೈ ತಾನಾಗಿ ಪೀಠಿಕೆಯ ಕಡೆಗೆ ಹೋಗುತ್ತದೆ.

ನಮ್ಮಲ್ಲೇ ಇನ್ನೊಂದು ಬಗೆಯ ಪ್ರಬಂಧವಿದೆ, ಪಠ್ಯಪುಸ್ತಕದಲ್ಲೇ ಅದನ್ನು ಓದಿ ಮೆಚ್ಚಿರುತ್ತೀರಿ: ಲಲಿತ ಪ್ರಬಂಧ. ಹರಿದ ಕೊಡೆ, ತಪ್ಪಿಹೋದ ಬಸ್ಸು, ಮನೆಗೆ ಬಂದು ಹೋಗಲೊಲ್ಲದ ಅತಿಥಿ ಮುಂತಾದ ಯಾವುದೋ ಸಣ್ಣ ಸಂಗತಿಯನ್ನು ಹಿಡಿದು ಹೊರಟ ಲೇಖಕ, ಮುಗಿಸುವ ಹೊತ್ತಿಗೆ ತನ್ನ ಮನಸ್ಸಿನ ನಡಿಗೆಯನ್ನೇ ನಮಗೆ ತೋರಿಸಿಬಿಟ್ಟಿರುತ್ತಾನೆ. ಅಮೆರಿಕದ ಕಾಲೇಜುಗಳು ಕೇಳುವ ವೈಯಕ್ತಿಕ ಪ್ರಬಂಧ ಪರೀಕ್ಷೆಯ ಪ್ರಬಂಧಕ್ಕಿಂತ ಇದಕ್ಕೆ ಬಹಳ ಹತ್ತಿರದ್ದು. ಸಂಗತಿ ದೊಡ್ಡದಿರಬೇಕೆಂಬ ನಿಯಮವಿಲ್ಲ; ಅದನ್ನು ನೋಡಿದ ಕಣ್ಣು ನಿಮ್ಮದಾಗಿರಬೇಕು, ಅಷ್ಟೇ.

1975ರಲ್ಲಿ ಹದಿನೈದು ಕಾಲೇಜುಗಳು ಸೇರಿ ಆರಂಭಿಸಿದ ಕಾಮನ್ ಆ್ಯಪ್ ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳಿಗೆ ಒಂದೇ ಅರ್ಜಿ ನಮೂನೆಯಾಗಿದೆ. ಅದರ ಪ್ರಬಂಧ 250 ಪದಗಳಿಗಿಂತ ಕಡಿಮೆ ಇರುವಂತಿಲ್ಲ, 650ನ್ನು ದಾಟುವಂತಿಲ್ಲ. ಅಲ್ಲಿ ಕೊಟ್ಟಿರುವ ಏಳು ಸೂಚನೆಗಳಲ್ಲಿ ಹಿನ್ನೆಲೆ ಅಥವಾ ಆಸಕ್ತಿಯ ಬಗ್ಗೆ, ಎದುರಿಸಿದ ಸೋಲಿನ ಬಗ್ಗೆ, ಪ್ರಶ್ನಿಸಿದ ನಂಬಿಕೆಯ ಬಗ್ಗೆ, ಹೊತ್ತು ಹೋದದ್ದೇ ತಿಳಿಯದಂತೆ ಸೆಳೆದುಕೊಳ್ಳುವ ವಿಷಯದ ಬಗ್ಗೆ ಒಂದೊಂದಿದ್ದು, ಏಳನೆಯದು ‘ನಿಮಗೆ ಇಷ್ಟವಾದ ಯಾವ ವಿಷಯವಾದರೂ ಸರಿ’ ಎನ್ನುತ್ತದೆ. ಆ ಏಳನೆಯದು ಇರುವುದರಿಂದ ಸೂಚನೆಯನ್ನು ಮೊದಲು ಆರಿಸಿ ಆಮೇಲೆ ವಿಷಯ ಹುಡುಕುವ ಅಗತ್ಯವೇ ಇಲ್ಲ. ಮೊದಲು ಬರೆಯಿರಿ, ಯಾವ ಸೂಚನೆಗೆ ಅದು ಹೊಂದುತ್ತದೆ ಎಂಬುದನ್ನು ಕೊನೆಯ ದಿನ ನೋಡಿದರೂ ಆದೀತು.

ಇನ್ನು ವಿಷಯ. ನಿಮ್ಮ ಕರಡಿನಲ್ಲಿ ಇಲ್ಲದ ಪ್ರಬಂಧ ನಿಮ್ಮ ಪತ್ರದಲ್ಲಿ ಇದೆ. ‘ಕತ್ತಿ ಅದ್ದಿ ನೋಡುವುದು ನನ್ನ ಕೆಲಸ, ಅಷ್ಟೇ’ ಎಂದು ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲಿಯೇ ನಿಂತುಬಿಟ್ಟೆ.

ತೋಟದ ಮನೆಗಳಲ್ಲಿ ಬೆಳೆಯದ ಓದುಗರಿಗಾಗಿ ಎರಡು ಮಾತು. ಅಡಿಕೆಗೆ ಬರುವ ಕೊಳೆರೋಗವನ್ನು ತಡೆಯಲು ಮಲೆನಾಡಿನಲ್ಲಿ ಮಳೆಗಾಲದ ಆರಂಭದಲ್ಲಿಯೇ ಕೊನೆಗಳಿಗೆ (ಅಡಿಕೆ ಗೊಂಚಲುಗಳಿಗೆ) ಬೋರ್ಡೋ ದ್ರಾವಣ ಹೊಡೆಯುತ್ತಾರೆ. ಶೇಕಡಾ ಒಂದರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಸುಣ್ಣ ಸಾಲದೇ ಹೋದರೆ ದ್ರಾವಣದಲ್ಲಿ ಬಿಡಿಯಾಗಿ ಉಳಿದ ತಾಮ್ರ ಎಳೆಯ ಕಾಯಿಗಳನ್ನೂ ಸೋಗೆಯನ್ನೂ ಸುಡುತ್ತದೆ. ಅದನ್ನು ಪರೀಕ್ಷಿಸಲು ಚೆನ್ನಾಗಿ ಉಜ್ಜಿ ಹೊಳಪು ಬಂದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ಎತ್ತುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣದ ತಿಳಿ ಇನ್ನೂ ಬೇಕು, ಕೂರದಿದ್ದರೆ ಮದ್ದು ಹದವಾಗಿದೆ ಎಂದರ್ಥ. ಇದೇ ಕ್ರಿಯೆಯನ್ನು ನೀವು ಹತ್ತನೇ ತರಗತಿಯ ವಿಜ್ಞಾನದ ಮೊದಲ ಪಾಠದಲ್ಲಿ, ತಾಮ್ರದ ಸಲ್ಫೇಟ್ ದ್ರಾವಣದಲ್ಲಿ ಮುಳುಗಿಸಿದ ಕಬ್ಬಿಣದ ಮೊಳೆಯ ಚಟುವಟಿಕೆಯಾಗಿ ಓದಿದ್ದೀರಿ. ಕಬ್ಬಿಣ ತಾಮ್ರವನ್ನು ಸ್ಥಾನಪಲ್ಲಟಗೊಳಿಸುತ್ತದೆ ಎಂದು ಸಮೀಕರಣ ಬರೆದು ಅಂಕ ಪಡೆದಿದ್ದೀರಿ.

ಈಗ ನಾನು ಕೇಳುವ ಪ್ರಶ್ನೆಗಳಿಗೆ ಬರೆಯಲು ಕೂರುವ ಮೊದಲು ನೀವೇ ಉತ್ತರ ಕೊಟ್ಟುಕೊಳ್ಳಬೇಕು. ತೋಟದ ಕತ್ತಿಯೂ ಪುಸ್ತಕದ ಮೊಳೆಯೂ ಒಂದೇ ಎಂಬುದು ನಿಮಗೆ ಹೊಳೆದದ್ದು ಯಾವಾಗ? ತರಗತಿಯಲ್ಲಿಯೋ, ಡ್ರಮ್ಮಿನ ಮುಂದೆ ನಿಂತಾಗಲೋ, ಅಥವಾ ಈ ಸಾಲು ಓದುವಾಗಲೋ? ಸಮೀಕರಣ ಗೊತ್ತಿಲ್ಲದ ಅಪ್ಪನಿಗೆ ಮದ್ದಿನ ಹದ ಗೊತ್ತಿತ್ತು, ಸಮೀಕರಣ ಗೊತ್ತಿದ್ದ ನಿಮಗೆ ಎಷ್ಟು ಸುಣ್ಣ ಸೇರಿಸಬೇಕೆಂದು ಗೊತ್ತಿರಲಿಲ್ಲ. ಹಾಗಿದ್ದರೆ ಆ ಹೊತ್ತಿನಲ್ಲಿ ನಿಮಗೆ ಏನನ್ನಿಸಿತು? ಸಿಟ್ಟೋ, ನಾಚಿಕೆಯೋ, ಕುತೂಹಲವೋ? ಆಮೇಲೆ ಏನಾದರೂ ಮಾಡಿದಿರೇ? ಕಾಲೇಜಿನ ಪ್ರಯೋಗಾಲಯದಿಂದ ಲಿಟ್ಮಸ್ ಕಾಗದ ತಂದು ಕತ್ತಿಯ ತೀರ್ಪಿನೊಂದಿಗೆ ಹೋಲಿಸಿ ನೋಡಿದಿರೇ? ನೋಡಿದ್ದರೆ ಬರೆಯಿರಿ. ನೋಡಿಲ್ಲವಾದರೆ ನೋಡಿದೆನೆಂದು ಬರೆಯಲೇಬೇಡಿ, ‘ನೋಡಬೇಕೆಂದು ನನಗೆ ಹೊಳೆಯಲೇ ಇಲ್ಲ, ಏಕೆ ಹೊಳೆಯಲಿಲ್ಲ’ ಎಂದು ಬರೆಯಿರಿ. ಅದು ಇನ್ನೂ ಒಳ್ಳೆಯ ಪ್ರಬಂಧವಾದೀತು.

ಬರೆಯುವಾಗ ಡ್ರಮ್ಮಿನ ಬಳಿಯಿಂದಲೇ ಆರಂಭಿಸಿ. ಓದುವವರು ಅಮೆರಿಕದ ಯಾವುದೋ ಪ್ರವೇಶ ಕಚೇರಿಯಲ್ಲಿ ಕುಳಿತು ಅಂದು ಹತ್ತಾರು ಅರ್ಜಿಗಳನ್ನು ಮುಗಿಸಬೇಕಾದವರು. ಶಿಕ್ಷಣ ಬಾಳಿನ ಬೆಳಕು ಎಂಬುದು ಅವರಿಗೆ ಗೊತ್ತು, ಕತ್ತಿಯ ಮೇಲೆ ತಾಮ್ರ ಕೂರುವುದು ಬಹುಶಃ ಗೊತ್ತಿಲ್ಲ. ‘ಕೊಳೆ’, ‘ಕೊನೆಗೌಡ’ (ಮರ ಹತ್ತಿ ಕೊನೆ ಕೊಯ್ಯುವವನು) ಎಂಬ ಮಾತುಗಳನ್ನು ಹಾಗೆಯೇ ಬಳಸಿ, ಪಕ್ಕದಲ್ಲೇ ಅರ್ಧ ವಾಕ್ಯದಲ್ಲಿ ಅರ್ಥ ಹೇಳಿ ಮುಂದೆ ಹೋಗಿ. ಆದರೆ ಅಡಿಕೆ ಕೃಷಿಯ ಕೈಪಿಡಿ ಬರೆಯುವ ಆಸೆಯನ್ನು ತಡೆದುಕೊಳ್ಳಬೇಕು. ಬೋರ್ಡೋ ಎಂಬುದು ಫ್ರಾನ್ಸಿನ ಊರು, ಅಲ್ಲಿನ ದ್ರಾಕ್ಷಿ ತೋಟಗಳಿಗಾಗಿ 19ನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಮದ್ದು ನಿಮ್ಮೂರಿಗೆ ಬಂತು ಎಂಬುದು ಬಹಳ ಸೊಗಸಾದ ಸಂಗತಿ. ನನಗಂತೂ ಅದನ್ನು ಇಲ್ಲಿ ಬರೆಯದೆ ಇರಲಾಗಲಿಲ್ಲ. ನಿಮ್ಮ 650 ಪದಗಳಲ್ಲಿ ಅದಕ್ಕೆ ಒಂದು ವಾಕ್ಯಕ್ಕಿಂತ ಹೆಚ್ಚು ಜಾಗವಿಲ್ಲ, ಏಕೆಂದರೆ ಅದು ಯಾರು ಬೇಕಾದರೂ ಹುಡುಕಿ ತಿಳಿಯಬಹುದಾದ ವಿಷಯ. ಅಪ್ಪನ ಕತ್ತಿ ಹಾಗಲ್ಲ.

ಇನ್ನೊಂದು ಸಂಕೋಚವನ್ನು ನಿಮ್ಮ ಪತ್ರದ ಧಾಟಿಯಿಂದ ಊಹಿಸಿದ್ದೇನೆ. ನಮ್ಮ ಮನೆಗಳಲ್ಲಿ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದು ಆತ್ಮಸ್ತುತಿ ಅನ್ನಿಸಿಕೊಳ್ಳುತ್ತದೆ. ಅದಕ್ಕೇ ಹೆಚ್ಚಿನ ಮಕ್ಕಳು ಒಂದೋ ‘ನಾನು’ವನ್ನು ಪೂರ್ತಿ ಅಡಗಿಸುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ‘ನಾನು ಪರಿಶ್ರಮಿ, ನಾಯಕತ್ವದ ಗುಣವುಳ್ಳವಳು’ ಎಂದು ಗುಣಗಳ ಪಟ್ಟಿ ಕೊಡುತ್ತಾರೆ. ಎರಡೂ ಬೇಕಾಗಿಲ್ಲ. ನೀವು ಕಂಡದ್ದನ್ನೂ ಮಾಡಿದ್ದನ್ನೂ ಅದರ ಬಗ್ಗೆ ಯೋಚಿಸಿದ್ದನ್ನೂ ನೇರವಾಗಿ ಹೇಳಿದರೆ ಗುಣದ ಹೆಸರನ್ನು ಓದುವವರೇ ಇಟ್ಟುಕೊಳ್ಳುತ್ತಾರೆ. ಹಾಗೆಯೇ ಕೊನೆಯಲ್ಲಿ ‘ಓದಿ ಬಂದು ನನ್ನ ಹಳ್ಳಿಯ ಸೇವೆ ಮಾಡುವೆ’ ಎಂಬ ಉಪಸಂಹಾರ ಬೇಡ. ನಿಮಗೆ ನಿಜವಾಗಿಯೂ ಆ ಉದ್ದೇಶವಿದ್ದರೆ ಕೆಲವು ಕಾಲೇಜುಗಳು ಬೇರೆಯಾಗಿ ಕೇಳುವ ಪೂರಕ ಪ್ರಬಂಧಗಳಲ್ಲಿ ಹೇಳಲು ಅವಕಾಶ ಸಿಗುತ್ತದೆ.

ಕರಡನ್ನು ನಾನು ತಿದ್ದಿ ಕಳಿಸುತ್ತಿಲ್ಲ. ಬೇಸರಿಸಬೇಡಿ, ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ನಿಮಗೆ ಸುಲಭವಾದೀತು.

ಪ್ರಶ್ನೆ: ಮಾನ್ಯರೇ, ನಾನು ದಾವಣಗೆರೆಯವನು, ಸಣ್ಣ ವ್ಯಾಪಾರ. ಮಗನ ಇಂಗ್ಲಿಷ್ ಅಷ್ಟಕ್ಕಷ್ಟೇ. ಕನ್ಸಲ್ಟೆನ್ಸಿಯೊಂದರವರು ಹಣ ಕೊಟ್ಟರೆ ಪ್ರಬಂಧವನ್ನು ತಾವೇ ಬರೆದುಕೊಡುತ್ತೇವೆ, ಎಲ್ಲರೂ ಹಾಗೇ ಮಾಡುವುದು ಎನ್ನುತ್ತಾರೆ. ಮಗ, ಅದಕ್ಕೆ ಹಣ ಏಕೆ, ಚಾಟ್‌ಜಿಪಿಟಿ ಸಾಕು ಎನ್ನುತ್ತಾನೆ. ಯಾವುದು ಸರಿ?

ಉತ್ತರ: ಎರಡೂ ಸರಿಯಲ್ಲ, ಮತ್ತು ಎರಡಕ್ಕೂ ಕಾರಣ ಒಂದೇ. ಅರ್ಜಿ ಸಲ್ಲಿಸುವಾಗ ಅದರಲ್ಲಿರುವುದೆಲ್ಲ ತನ್ನದೇ ಕೆಲಸ ಎಂದು ನಿಮ್ಮ ಮಗ ಸಹಿ ಮಾಡಬೇಕಾಗುತ್ತದೆ. 2023ರಿಂದ ಕಾಮನ್ ಆ್ಯಪ್‌ನ ವಂಚನೆ ಕುರಿತ ನಿಯಮದಲ್ಲಿ, ಕೃತಕ ಬುದ್ಧಿಮತ್ತೆ ಬರೆದುಕೊಟ್ಟ ಹುರುಳನ್ನು ಸ್ವಂತದ್ದೆಂದು ಸಲ್ಲಿಸುವುದನ್ನೂ ಕೃತಿಚೌರ್ಯದ ಸಾಲಿನಲ್ಲಿ ಸ್ಪಷ್ಟವಾಗಿ ಸೇರಿಸಲಾಗಿದೆ. ಬ್ರಿಟನ್ನಿನ ವಿಶ್ವವಿದ್ಯಾಲಯಗಳಿಗೆ ಪದವಿ ಅರ್ಜಿಗಳನ್ನು ಸ್ವೀಕರಿಸುವ ಯುಕಾಸ್ ಸಂಸ್ಥೆ ತನಗೆ ಬರುವ ವೈಯಕ್ತಿಕ ಹೇಳಿಕೆಗಳನ್ನು ಹಿಂದಿನವುಗಳೊಂದಿಗೆ ಹೋಲಿಸಿ ನೋಡುವ ತಂತ್ರಾಂಶವನ್ನು ಬಹಳ ವರ್ಷಗಳಿಂದ ಬಳಸುತ್ತಿದೆ.

ಆ ತಂತ್ರಾಂಶಕ್ಕೆ ಮುನ್ನುಡಿಯಾದ 2007ರ ಒಂದು ಪ್ರಸಂಗವನ್ನು ನಿಮ್ಮ ಮಗನಿಗೆ ಹೇಳಿ. ಯುಕಾಸ್ ಸುಮಾರು 50,000 ಅರ್ಜಿಗಳನ್ನು ಪರಿಶೀಲಿಸಿದಾಗ 234 ಅಭ್ಯರ್ಥಿಗಳು ತಮ್ಮ ವಿಜ್ಞಾನಾಸಕ್ತಿ ಹುಟ್ಟಿದ್ದು ಎಂಟನೇ ವಯಸ್ಸಿನಲ್ಲಿ ಪೈಜಾಮ ಸುಟ್ಟು ತೂತಾದ ಘಟನೆಯಿಂದ ಎಂದು ಬರೆದಿದ್ದರು. ಒಂದೇ ಜಾಲತಾಣದ ಮಾದರಿ ಪ್ರಬಂಧದಿಂದ ಇನ್ನೂರಕ್ಕೂ ಹೆಚ್ಚು ಪೈಜಾಮಗಳು ಸುಟ್ಟುಹೋಗಿದ್ದವು. ಹಣ ಪಡೆದು ಬರೆದುಕೊಡುವವರ ಬಳಿ ಇರುವುದೂ ಇಂಥ ನಾಲ್ಕೈದು ಪೈಜಾಮಗಳೇ. ಊರು, ಹೆಸರು, ಅಜ್ಜಿಯ ಕಾಯಿಲೆ ಬದಲಾಯಿಸಿ ಕೊಡುತ್ತಾರೆ. ಯಂತ್ರವೂ, ಅದಕ್ಕೆ ನಿಮ್ಮ ಮಗನ ಬಗ್ಗೆ ಏನೂ ತಿಳಿದಿಲ್ಲವಾದ್ದರಿಂದ, ಎಲ್ಲರಿಗೂ ಹೊಂದುವುದನ್ನೇ ಬರೆಯುತ್ತದೆ. ಎಲ್ಲರಿಗೂ ಹೊಂದುವ ಪ್ರಬಂಧ ಯಾರ ಅರ್ಜಿಗೂ ಉಪಯೋಗವಿಲ್ಲ.

ಇಂಗ್ಲಿಷ್ ಬಗ್ಗೆ ನೀವು ಹೆಚ್ಚು ಭಯಪಡುತ್ತಿದ್ದೀರಿ. ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕ ಭಾಷೆಯ ಮಟ್ಟವನ್ನು ಬೇರೆಯಾಗಿ ತೋರಿಸುತ್ತದೆ. ಆ ಅಂಕ ಸಾಧಾರಣವಿದ್ದು ಪ್ರಬಂಧದಲ್ಲಿ ಮಾತ್ರ ವಕೀಲರ ಇಂಗ್ಲಿಷ್ ಹರಿದರೆ ಸಂಶಯ ಬರುವುದು ಸಹಜ. ನಾನು ನನ್ನ ಬಳಿ ಬರುವ ಮಕ್ಕಳಿಗೆ ಮಾಡಿಸುವ ಕ್ರಮ ಹೀಗಿದೆ. ಮೊದಲು ಇಡೀ ವಿಷಯವನ್ನು ಮನೆಮಾತಿನಲ್ಲಿ, ಗೆಳೆಯನಿಗೆ ಹೇಳುವಂತೆ ಹೇಳಿಸಿ ಫೋನಿನಲ್ಲಿ ಧ್ವನಿಮುದ್ರಿಸಿಕೊಳ್ಳುತ್ತೇನೆ. ಅದನ್ನು ಅವರೇ ಕೇಳಿಸಿಕೊಂಡು, ಮುಖ್ಯವೆನಿಸಿದ್ದನ್ನು ಕನ್ನಡದಲ್ಲಿಯೇ ಬರೆದು, ಆಮೇಲೆ ತಮಗೆ ಬರುವ ಸಣ್ಣ ವಾಕ್ಯಗಳ ಇಂಗ್ಲಿಷಿನಲ್ಲಿ ಬರೆಯಬೇಕು. ನಿಘಂಟಿನಿಂದ ದೊಡ್ಡ ಪದ ಹುಡುಕಿ ತಂದು ಕೂರಿಸುವುದಕ್ಕೆ ನಿಷೇಧವಿದೆ. ಕಾಲೇಜಿನ ಇಂಗ್ಲಿಷ್ ಉಪನ್ಯಾಸಕರು ಕ್ರಿಯಾಪದದ ಕಾಲ, ಕಾಗುಣಿತ ನೋಡಿಕೊಡುವುದರಲ್ಲಿ ತಪ್ಪಿಲ್ಲ. ಗೆರೆ ಎಳೆದು ‘ಇಲ್ಲಿ ಅರ್ಥವಾಗಲಿಲ್ಲ’ ಎಂದು ಹೇಳುವುದು ನೆರವು, ಆ ಗೆರೆಯ ಜಾಗದಲ್ಲಿ ತಾವೇ ವಾಕ್ಯ ಬರೆದುಕೊಡುವುದು ನೆರವಲ್ಲ. ಕನ್ಸಲ್ಟೆನ್ಸಿಗೆ ಕೊಡಬೇಕೆಂದಿರುವ ಹಣವನ್ನು ಅರ್ಜಿ ಶುಲ್ಕಕ್ಕೆ ಇಟ್ಟುಕೊಳ್ಳಿ, ಅದೂ ಕಡಿಮೆಯೇನಿಲ್ಲ.

ಪ್ರಶ್ನೆ: ನಾನು ಮಂಗಳೂರಿನ ವಿದ್ಯಾರ್ಥಿ. ಅಮೆರಿಕ, ಇಂಗ್ಲೆಂಡ್ ಎರಡಕ್ಕೂ ಅರ್ಥಶಾಸ್ತ್ರಕ್ಕೆ ಅರ್ಜಿ ಹಾಕುತ್ತಿದ್ದೇನೆ. ಒಂದೇ ಪ್ರಬಂಧವನ್ನು ಎರಡೂ ಕಡೆ ಕಳಿಸಬಹುದೇ?

ಉತ್ತರ: ಬೇಡ. ಹೆಸರು ಹತ್ತಿರವಿದ್ದರೂ ಇವು ಬೇರೆ ಬೇರೆ ಬರವಣಿಗೆಗಳು. ಅಮೆರಿಕದವರು ಕಾಲೇಜಿಗೆ ವಿದ್ಯಾರ್ಥಿಯನ್ನು ಸೇರಿಸಿಕೊಳ್ಳುತ್ತಾರೆ, ಯಾವ ವಿಷಯದಲ್ಲಿ ಪದವಿ ಎಂಬುದನ್ನು ಎಷ್ಟೋ ಕಡೆ ಎರಡನೇ ವರ್ಷದಲ್ಲಿ ನಿರ್ಧರಿಸಿದರೂ ನಡೆಯುತ್ತದೆ. ಆದ್ದರಿಂದ ‘ಈತ ಯಾರು’ ಎಂಬುದು ಅವರ ಕುತೂಹಲ. ಇಂಗ್ಲೆಂಡಿನವರು ನೇರವಾಗಿ ಅರ್ಥಶಾಸ್ತ್ರ ವಿಭಾಗಕ್ಕೆ ಸೇರಿಸಿಕೊಳ್ಳುತ್ತಾರೆ. ‘ಈತ ಮೂರು ವರ್ಷ ಇದೇ ವಿಷಯವನ್ನು ಓದಬಲ್ಲನೇ’ ಎಂಬುದು ಅವರ ಕಾಳಜಿ.

ಯುಕಾಸ್ ಬಹಳ ಕಾಲ 4,000 ಅಕ್ಷರಗಳ ಒಂದೇ ಹೇಳಿಕೆಯನ್ನು ಕೇಳುತ್ತಿತ್ತು. 2026ರಲ್ಲಿ ಕೋರ್ಸ್ ಸೇರುವವರ ಅರ್ಜಿಯಿಂದ ಅದನ್ನು ಮೂರು ಪ್ರಶ್ನೆಗಳಾಗಿ ಒಡೆಯಲಾಗಿದೆ: ಈ ವಿಷಯವನ್ನು ಏಕೆ ಓದಬೇಕೆಂದಿದ್ದೀರಿ, ನಿಮ್ಮ ಈವರೆಗಿನ ಓದು ಅದಕ್ಕೆ ನಿಮ್ಮನ್ನು ಹೇಗೆ ಸಿದ್ಧಗೊಳಿಸಿದೆ, ತರಗತಿಯ ಹೊರಗೆ ಏನು ಮಾಡಿದ್ದೀರಿ ಮತ್ತು ಅದರಿಂದ ಏನು ಉಪಯೋಗ. ಒಟ್ಟು ಮಿತಿ ಮೊದಲಿನಷ್ಟೇ, ಖಾಲಿ ಜಾಗಗಳೂ ಸೇರಿ 4,000. ಪ್ರತಿ ಉತ್ತರ ಕನಿಷ್ಠ 350 ಅಕ್ಷರಗಳಿರಬೇಕು. ಪದವಲ್ಲ, ಅಕ್ಷರ ಎಂಬುದನ್ನು ಗಮನಿಸಿ. ನೀವು ಆರಿಸುವ ಐದೂ ಆಯ್ಕೆಗಳಿಗೆ ಹೋಗುವುದು ಇದೊಂದೇ ಹೇಳಿಕೆಯಾದ್ದರಿಂದ ಯಾವ ವಿಶ್ವವಿದ್ಯಾಲಯದ ಹೆಸರನ್ನೂ ಅದರಲ್ಲಿ ಎತ್ತಬಾರದು. ಬಂದರಿನ ಮೀನು ಹರಾಜನ್ನು ನೋಡುತ್ತಾ ಬೆಳೆದೆ ಎಂದು ಪತ್ರದಲ್ಲಿ ಬರೆದಿದ್ದೀರಿ. ಅಮೆರಿಕದ ಪ್ರಬಂಧಕ್ಕೆ ಆ ಮುಂಜಾವಿನ ಗದ್ದಲ, ಬೆಲೆ ಕೂಗುವವರ ಕೈಸನ್ನೆ, ಅದನ್ನು ನೋಡುತ್ತಾ ನೀವು ಶಾಲೆಗೆ ತಡವಾಗಿ ಹೋದದ್ದು ಎಲ್ಲವೂ ಬೇಕು. ಇಂಗ್ಲೆಂಡಿಗೆ ಹರಾಜಿನ ಮಾತು ಎರಡು ವಾಕ್ಯ ಸಾಕು, ಅಲ್ಲಿಂದ ಬೆಲೆ ನಿರ್ಧಾರದ ಸಿದ್ಧಾಂತದ ಬಗ್ಗೆ ಏನು ಓದಿದಿರಿ, ಓದಿದ್ದರಲ್ಲಿ ಯಾವುದನ್ನು ಒಪ್ಪಲಿಲ್ಲ ಎಂಬಲ್ಲಿಗೆ ಹೋಗಬೇಕು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಕ್ಯಾಂಪಸ್‌ಗಳೂ ನಿಮ್ಮ ಪಟ್ಟಿಯಲ್ಲಿವೆ. ಅವು ಕಾಮನ್ ಆ್ಯಪ್‌ನಲ್ಲಿಲ್ಲ. ಅವುಗಳ ಸ್ವಂತ ಅರ್ಜಿಯಲ್ಲಿ ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ ತಲಾ 350 ಪದಗಳೊಳಗೆ ಉತ್ತರಿಸಬೇಕು. ಅಲ್ಲಿ ವರ್ಣನೆಗೆ ಜಾಗ ಕಡಿಮೆ, ನೇರ ಉತ್ತರಕ್ಕೆ ಬೆಲೆ ಹೆಚ್ಚು. ದಿನಾಂಕಗಳ ವಿಷಯದಲ್ಲಿ ಒಂದು ಎಚ್ಚರಿಕೆ: ಆಕ್ಸ್‌ಫರ್ಡ್, ಕೇಂಬ್ರಿಜ್ ಮತ್ತು ವೈದ್ಯಕೀಯ ಕೋರ್ಸುಗಳಿಗೆ ಯುಕಾಸ್ ಅರ್ಜಿ ಅಕ್ಟೋಬರ್ 15ಕ್ಕೇ ಮುಗಿಯುತ್ತದೆ. ದಸರಾ ರಜೆಯಲ್ಲಿ ಬರೆಯೋಣ ಎಂದುಕೊಂಡವರು ಪ್ರತಿವರ್ಷ ಸಿಕ್ಕಿಬೀಳುತ್ತಾರೆ.

ಪ್ರಶ್ನೆ: ನಮಸ್ಕಾರ. ನಾವು ಮೈಸೂರಿನವರು, ಈಗ ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದಾನೆ. ಅಜ್ಜಿಯ ಮನೆ, ಕನ್ನಡ, ಇವುಗಳ ಬಗ್ಗೆ ಬರೆಯಬೇಕೆಂದು ಅವನಿಗೆ ಆಸೆ. ಆದರೆ ಇಲ್ಲಿನ ಪರಿಚಯದವರು, ಭಾರತೀಯ ಮಕ್ಕಳೆಲ್ಲ ಅದನ್ನೇ ಬರೆಯುತ್ತಾರೆ, ಹಾಗೆ ಗುರುತಿಸಿಕೊಳ್ಳುವುದೇ ತೊಂದರೆ, ಬೇರೇನಾದರೂ ಬರೆಸಿ ಎನ್ನುತ್ತಾರೆ. ಚಿಕ್ಕಂದಿನಲ್ಲಿ ಅಜ್ಜಿಗೆ ‘ಹೋಗ್ತೀನಿ’ ಅಂದಾಗಲೆಲ್ಲ ‘ಹಾಗನ್ನಬಾರದು, ಬರ್ತೀನಿ ಅನ್ನು’ ಎಂದು ಅವರು ತಿದ್ದುತ್ತಿದ್ದುದು ಅವನಿಗೆ ಇವತ್ತಿಗೂ ಬಲು ತಮಾಷೆ. ಏನು ಮಾಡೋಣ?

ಉತ್ತರ: ಪರಿಚಯದವರ ಭಯಕ್ಕೆ ಬುಡವಿಲ್ಲದಿಲ್ಲ, ಆದ್ದರಿಂದ ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಅಮೆರಿಕದ ಕಾಲೇಜುಗಳು ಅಂಕಗಳನ್ನು ದಾಟಿ ವಿದ್ಯಾರ್ಥಿಯ ವ್ಯಕ್ತಿತ್ವ, ಹಿನ್ನೆಲೆಗಳನ್ನು ಕೇಳಲಾರಂಭಿಸಿದ ಚರಿತ್ರೆ ಅಷ್ಟೇನೂ ಹೆಮ್ಮೆಪಡುವಂಥದ್ದಲ್ಲ. 1920ರ ದಶಕದಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಗಳು, ಪರೀಕ್ಷೆಯ ಫಲಿತಾಂಶವೊಂದರಿಂದಲೇ ಆರಿಸಿದರೆ ಯಹೂದಿ ವಿದ್ಯಾರ್ಥಿಗಳ ಸಂಖ್ಯೆ ಏರುತ್ತದೆಂದು ಅಂಜಿ, ‘ಶೀಲ’ ಎಂಬ ಅಳತೆಗೋಲನ್ನು ಮುಂದೆ ತಂದವು. ನೂರು ವರ್ಷಗಳ ಬಳಿಕ ಹಾರ್ವರ್ಡ್ ವಿರುದ್ಧ ನಡೆದ ಮೊಕದ್ದಮೆಯಲ್ಲಿ, ಏಷ್ಯಾ ಮೂಲದ ಅಭ್ಯರ್ಥಿಗಳಿಗೆ ವ್ಯಕ್ತಿತ್ವದ ಅಂಕವನ್ನು ಕಡಿಮೆ ಕೊಡಲಾಗುತ್ತಿದೆ ಎಂಬುದು ವಾದಿಗಳ ದೂರುಗಳಲ್ಲೊಂದಾಗಿತ್ತು. 2023ರ ಜೂನ್ 29ರಂದು ಅಮೆರಿಕದ ಸುಪ್ರೀಂ ಕೋರ್ಟ್ ಪ್ರವೇಶದಲ್ಲಿ ಜನಾಂಗವನ್ನು ಪರಿಗಣಿಸುವ ಪದ್ಧತಿಯನ್ನು ತಳ್ಳಿಹಾಕಿತು. ಆದರೆ ಅದೇ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್, ಜನಾಂಗ ತನ್ನ ಬದುಕನ್ನು ಹೇಗೆ ತಟ್ಟಿತು ಎಂದು ಅಭ್ಯರ್ಥಿ ಬರೆದರೆ, ಅದು ಆ ವ್ಯಕ್ತಿಯ ಗುಣಕ್ಕೋ ಸಾಮರ್ಥ್ಯಕ್ಕೋ ಸಂಬಂಧಿಸಿರುವ ಮಟ್ಟಿಗೆ ಪರಿಗಣಿಸಲು ಅಡ್ಡಿಯಿಲ್ಲ ಎಂದೂ ಸ್ಪಷ್ಟಪಡಿಸಿದರು. ಹಾಗಾಗಿ ಅಜ್ಜಿಯ ಮನೆಯನ್ನು ಅಡಗಿಸಿಡುವ ಅಗತ್ಯವನ್ನು ಕಾನೂನಂತೂ ಹೇರಿಲ್ಲ. ಅರ್ಜಿಯ ಮೇಲೆ ಮಗನ ಹೆಸರೂ ಇರುತ್ತದೆ, ತಂದೆತಾಯಿಯ ವಿವರವೂ ಇರುತ್ತದೆ; ಪ್ರಬಂಧದಲ್ಲಿ ಮಾತ್ರ ಮರೆಮಾಚಿ ಸಾಧಿಸುವುದೇನು?

ಪರಿಚಯದವರು ಹೇಳಿದ್ದರಲ್ಲಿ ನಿಜವಿರುವ ಭಾಗ ಬೇರೆಯದು. ಶಾಲೆಯ ಊಟದ ಡಬ್ಬಿ ತೆರೆದಾಗ ಸಾರಿನ ವಾಸನೆಗೆ ಗೆಳೆಯರು ಮೂಗು ಮುಚ್ಚಿಕೊಂಡರು, ಶಿಕ್ಷಕರಿಗೆ ಹೆಸರು ಉಚ್ಚರಿಸಲು ಬರಲಿಲ್ಲ, ಅಪ್ಪ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದರು, ಭರತನಾಟ್ಯದ ರಂಗಪ್ರವೇಶದಂದು ಬೇರುಗಳ ಅರಿವಾಯಿತು. ಇವೆಲ್ಲ ನಿಜವಾಗಿ ನಡೆದಿರುತ್ತವೆ, ಆದರೆ ಪ್ರವೇಶ ಕಚೇರಿಯವರಿಗೆ ಇವು ಬಾಯಿಪಾಠವಾಗಿರುತ್ತವೆ. ‘ಎರಡು ಸಂಸ್ಕೃತಿಗಳ ನಡುವೆ ನಾನು’ ಎಂದು ಹೊರಟ ಪ್ರಬಂಧ ತಾನೇ ಈ ಹಳಿಗೆ ಬಂದು ಬೀಳುತ್ತದೆ.

‘ಬರ್ತೀನಿ’ ಹಾಗಲ್ಲ. ನಾವೆಲ್ಲ ದಿನಾ ಆಡುವ ಮಾತು, ಹಾಗಾಗಿ ಅದರ ವಿಚಿತ್ರ ನಮಗೆ ಕಾಣಿಸುವುದೇ ಇಲ್ಲ: ಹೊಸ್ತಿಲು ದಾಟಿ ಹೋಗುತ್ತಿರುವವನು ‘ಬರ್ತೀನಿ’ ಎನ್ನುತ್ತಾನೆ, ಉಳಿದವರು ‘ಹೋಗಿ ಬಾ’ ಎನ್ನುತ್ತಾರೆ. ಇಂಗ್ಲಿಷಿನಲ್ಲಿ ಬೆಳೆದ ಹುಡುಗನಿಗೆ ಮಾತ್ರ ಅದು ತಮಾಷೆಯಾಗಿ ಕಂಡಿತು. ಅವನು ಅದನ್ನು ವಿಮಾನ ನಿಲ್ದಾಣದಲ್ಲಿ, ಮುಂದಿನ ಎರಡು ವರ್ಷ ಬರುವುದಿಲ್ಲವೆಂದು ಗೊತ್ತಿದ್ದೂ ಅಜ್ಜಿಗೆ ಹೇಳಿದ್ದಾನೆಯೇ? ಹೇಳುವಾಗ ಸುಳ್ಳು ಹೇಳಿದಂತೆ ಅನ್ನಿಸಿತೇ? ಇಂಗ್ಲಿಷಿನಲ್ಲಿ ಗೆಳೆಯರನ್ನು ಬೀಳ್ಕೊಡುವಾಗ ಆ ಪದದ ಕೊರತೆ ಅವನಿಗೆ ಎಂದಾದರೂ ತಟ್ಟಿತೇ? ಭಾಷೆಯ ಬಗ್ಗೆ, ಮಾತು ಮತ್ತು ಉದ್ದೇಶದ ಬಗ್ಗೆ ಅವನು ಯೋಚಿಸುವವನಾದರೆ 650 ಪದಗಳಿಗೆ ಈ ಒಂದು ಕ್ರಿಯಾಪದ ಧಾರಾಳವಾಯಿತು. ಅಮ್ಮನಾಗಿ ನೀವು ಮಾಡಬೇಕಾದ್ದು, ಈ ನನ್ನ ಪ್ರಶ್ನೆಗಳನ್ನು ಅವನ ಮುಂದಿಟ್ಟು ಅಡುಗೆಮನೆಗೆ ಹೋಗುವುದು. ಉತ್ತರಗಳನ್ನು ನೀವು ನೆನಪಿಸಿಕೊಟ್ಟರೆ ಅದು ನಿಮ್ಮ ಪ್ರಬಂಧವಾಗುತ್ತದೆ.

ಪ್ರಶ್ನೆ: ನಾನು ಕಲಬುರಗಿಯ ವಿದ್ಯಾರ್ಥಿ. ಪ್ರಥಮ ಪಿಯುಸಿಯಲ್ಲಿದ್ದಾಗ ತಂದೆ ತೀರಿಕೊಂಡರು. ಆ ವರ್ಷ ಅಂಕ ಬಹಳ ಕುಸಿದವು. ಅದರ ಬಗ್ಗೆ ಬರೆಯಲೇಬೇಕೆಂದು ಸ್ನೇಹಿತರು ಹೇಳುತ್ತಾರೆ. ನನಗೆ ಬರೆಯಲು ಕೈ ಏಳುತ್ತಿಲ್ಲ.

ಉತ್ತರ: ಕೈ ಏಳದಿದ್ದರೆ ಬರೆಯಬೇಡಿ. ದುಃಖವನ್ನು ಅರ್ಜಿಗೆ ಲಗತ್ತಿಸಲೇಬೇಕೆಂಬ ಕಟ್ಟುಪಾಡಿಲ್ಲ, ಮತ್ತು ಅದನ್ನು ಹೇಳದೇ ಹೋದರೆ ತಂದೆಯವರನ್ನು ಮರೆತಂತೆಯೂ ಅಲ್ಲ. ಆದರೆ ಅಂಕ ಕುಸಿದದ್ದಕ್ಕೆ ಕಾರಣ ತಿಳಿಯದೆ ಓದುವವರು ತಪ್ಪು ಊಹೆ ಮಾಡಬಾರದು. ಅದಕ್ಕಾಗಿ ಕಾಮನ್ ಆ್ಯಪ್‌ನಲ್ಲಿ ಮುಖ್ಯ ಪ್ರಬಂಧದ ಹೊರಗೆ, ಕಷ್ಟ ಮತ್ತು ಪರಿಸ್ಥಿತಿಗಳನ್ನು ತಿಳಿಸಲು 250 ಪದಗಳ ಐಚ್ಛಿಕ ಜಾಗವಿದೆ. ಅಲ್ಲಿ ನಾಲ್ಕೈದು ವಾಕ್ಯ ಸಾಕು: ಯಾವ ತಿಂಗಳು ಏನಾಯಿತು, ಮನೆಯಲ್ಲಿ ಯಾವ ಹೊಣೆ ನಿಮ್ಮ ಮೇಲೆ ಬಿತ್ತು, ಎಷ್ಟು ದಿನ ತರಗತಿ ತಪ್ಪಿತು, ನಂತರದ ಅಂಕಗಳು ಹೇಗಿವೆ. ವಿಶೇಷಣಗಳೇ ಬೇಡ. ನಿಮ್ಮ ಪ್ರಾಚಾರ್ಯರು ಬರೆಯುವ ಪತ್ರದಲ್ಲಿಯೂ ಇದನ್ನು ಒಂದು ಸಾಲಿನಲ್ಲಿ ತಿಳಿಸುವಂತೆ ಕೇಳಿಕೊಳ್ಳಿ. ಮುಖ್ಯ ಪ್ರಬಂಧವನ್ನು ನಿಮಗೆ ಖುಷಿ ಕೊಡುವ ವಿಷಯದ ಬಗ್ಗೆ ಬರೆಯಿರಿ. ನಿಮ್ಮ ಪತ್ರದ ಕೊನೆಯಲ್ಲಿ ಹಳೆಯ ರೇಡಿಯೋಗಳನ್ನು ಬಿಚ್ಚಿ ಜೋಡಿಸುವ ಹವ್ಯಾಸದ ಬಗ್ಗೆ ಎಷ್ಟು ಲವಲವಿಕೆಯಿಂದ ಬರೆದಿದ್ದೀರೆಂದರೆ, ವಿಷಯ ಅದೇ ಇರಬೇಕು ಎಂದು ನನಗನ್ನಿಸುತ್ತದೆ. ಆ ರೇಡಿಯೋಗಳಲ್ಲಿ ಒಂದು ತಂದೆಯವರದ್ದಾಗಿದ್ದರೆ, ಅವರು ತಾವಾಗಿ ಒಂದು ಸಾಲಿನಲ್ಲಿ ಬಂದು ಹೋಗಬಹುದು. ಬರದಿದ್ದರೂ ಸರಿ.

ಪ್ರಶ್ನೆ: ಪ್ರಬಂಧವನ್ನು ವಚನದಿಂದ ಆರಂಭಿಸಬಹುದೇ? (ತುಮಕೂರಿನ ವಿದ್ಯಾರ್ಥಿನಿ)

ಉತ್ತರ: ವಚನದ ಮೇಲಿನ ಗೌರವದಿಂದಲೇ ಬೇಡ ಎನ್ನುತ್ತೇನೆ. 650 ಪದಗಳಲ್ಲಿ ನಲವತ್ತು ಪದಗಳನ್ನು ಬಸವಣ್ಣನವರಿಗೆ ಕೊಟ್ಟರೆ ಓದುವವರಿಗೆ ಪರಿಚಯವಾಗುವುದು ಬಸವಣ್ಣನವರು. ಗಾಂಧೀಜಿ, ಕಲಾಂ ಅವರ ಮಾತುಗಳಿಗೂ ಇದೇ ಉತ್ತರ. ಒಂದು ವಚನದ ಸಾಲಿನೊಂದಿಗೆ ನಿಮಗೆ ನಿಜವಾದ ಜಗಳವೋ ನಂಟೋ ಇದ್ದು, ಅದೇ ನಿಮ್ಮ ವಿಷಯವಾದರೆ ಮಾತ್ರ ವಚನ ಬರಲಿ, ಅದೂ ನಡುವಿನಲ್ಲಿ.

ಪ್ರಶ್ನೆ: ಕರಡನ್ನು ಎಷ್ಟು ಜನರಿಗೆ ತೋರಿಸಬೇಕು? ಆರು ಜನರಿಗೆ ತೋರಿಸಿದ್ದೇನೆ, ಆರೂ ಜನ ಬೇರೆ ಬೇರೆ ಸಲಹೆ ಕೊಟ್ಟಿದ್ದಾರೆ, ಈಗ ನನಗೇ ನನ್ನ ಪ್ರಬಂಧ ಗುರುತು ಸಿಗುತ್ತಿಲ್ಲ. (ಬೆಂಗಳೂರಿನ ವಿದ್ಯಾರ್ಥಿ)

ಉತ್ತರ: ಇಬ್ಬರು ಸಾಕಿತ್ತು. ಒಬ್ಬರು ನಿಮ್ಮನ್ನು ಚೆನ್ನಾಗಿ ಬಲ್ಲವರು; ಅವರನ್ನು ‘ಇದರಲ್ಲಿ ನಾನಲ್ಲದ್ದು ಯಾವುದು’ ಎಂದು ಕೇಳಬೇಕು. ಇನ್ನೊಬ್ಬರು ನಿಮ್ಮನ್ನು ಅಷ್ಟಾಗಿ ಅರಿಯದವರು. ಅವರನ್ನು ‘ಎಲ್ಲಿ ಬೇಸರ ಬಂತು’ ಎಂದಷ್ಟೇ ಕೇಳಬೇಕು. ‘ಹೇಗಿದೆ’ ಎಂದು ಇಬ್ಬರನ್ನೂ ಕೇಳಬಾರದು, ಏಕೆಂದರೆ ಚೆನ್ನಾಗಿದೆ ಎನ್ನದೆ ಅವರಿಗೆ ಬೇರೆ ದಾರಿಯಿರುವುದಿಲ್ಲ. ಈಗ ಆರು ಜನರ ತಿದ್ದುಪಡಿಯ ಪ್ರತಿಗಳನ್ನು ಬದಿಗಿಟ್ಟು, ಯಾರಿಗೂ ತೋರಿಸುವ ಮೊದಲಿನ ನಿಮ್ಮ ಕರಡು ಇದ್ದರೆ ಅದನ್ನು ತೆಗೆಯಿರಿ. ಗಟ್ಟಿಯಾಗಿ ಓದಿ. ನಾಲಿಗೆ ತೊಡರಿದ ಕಡೆ ಗುರುತು ಹಾಕಿ, ಅಷ್ಟನ್ನು ಮಾತ್ರ ಮತ್ತೆ ಬರೆಯಿರಿ. ಅಮೆರಿಕದ ಕೆಲವು ಕಾಲೇಜುಗಳ ನವೆಂಬರ್ 1ರ ಮೊದಲ ಗಡುವಿಗೆ ಕಳಿಸುವವರಿದ್ದರೆ, ಅದಕ್ಕೂ ಒಂದು ವಾರ ಮೊದಲು ಕಡತವನ್ನು ಮುಚ್ಚಿ, ಮೂರು ದಿನ ತೆರೆಯದೆ ಇಟ್ಟು, ನಾಲ್ಕನೆಯ ದಿನ ಕಾಗದದ ಮೇಲೆ ಮುದ್ರಿಸಿ ಓದಿ ನೋಡಿ.